ಅಮೆರಿಕದಲ್ಲಿ ಕೆಲಸ ಹೋಗಿದೆ, ಕೋಬ್ರಾ ಇನ್ಶೂರೆನ್ಸ್ ತೆಗೆದುಕೊಳ್ಳದೆ 60 ದಿನ ಕಾದು ನೋಡಬಹುದಾ?

ಕೋಬ್ರಾ ಅಂದರೆ ಕೆಲಸ ಹೋದ ಮೇಲೂ ಹಳೆಯ ಕಂಪನಿಯ ಆರೋಗ್ಯ ಇನ್ಶೂರೆನ್ಸನ್ನೇ, ಪೂರ್ತಿ ದುಡ್ಡು ನಾವೇ ಕಟ್ಟಿ ಮುಂದುವರಿಸುವ ಸೌಲಭ್ಯ. ಅದಕ್ಕೆ ತಿಂಗಳಿಗೆ 2,300 ಡಾಲರ್ ನೋಡಿ ಗಾಬರಿಯಾಗಿ, ಇದು ಸುಲಿಗೆ ಅಂತ ಬೈದು, ಯಾರಿಗಾದರೂ ಹುಷಾರು ತಪ್ಪಿದರೆ ಆಗ ಕಟ್ಟಿದರಾಯಿತು ಅಂತ ಯೋಚಿಸಿದ್ದೀರಿ. ಇದೇ ಲೆಕ್ಕ ನಾನೂ ಹಾಕಿದ್ದೆ.

ಲೆಕ್ಕವೇನೋ ಸರಿ. ಕೋಬ್ರಾ ಬೇಕು ಅಂತ ಹೇಳಲು 60 ದಿನ, ಆಮೇಲೆ ಮೊದಲ ಪ್ರೀಮಿಯಂ ಕಟ್ಟಲು ಇನ್ನೂ 45 ದಿನ ಕೊಡುತ್ತಾರೆ. ಕಟ್ಟಿದರೆ ಹಳೆಯ ಇನ್ಶೂರೆನ್ಸ್ ನಿಂತ ದಿನದಿಂದಲೇ ಕವರ್ ಸಿಗುತ್ತದೆ. ಆದರೆ ಆ 60 ದಿನ ಯಾವತ್ತು ಶುರುವಾಯಿತು ಅಂತ ಗೊತ್ತಿರಬೇಕಲ್ವಾ?

ನನಗೆ ಆಗಲೇ ಗ್ರೀನ್ ಕಾರ್ಡ್ ಬಂದಿತ್ತು, ಎಚ್‌-1ಬಿ ಕೆಲಸದ ವೀಸಾದವರಿಗಿರುವ ಗಡಿಬಿಡಿ ಇರಲಿಲ್ಲ. ಜನವರಿ ಕೊನೆಯಲ್ಲಿ ಕೆಲಸ ಹೋಯಿತು. ಬಾಡಿಗೆ ಉಳಿಯಲಿ ಅಂತ ಚಿಕ್ಕ ಮನೆಗೆ ಹೋದೆವು. ಬ್ಯಾಂಕು, ಲೈಸೆನ್ಸು, ಮಗಳ ಸ್ಕೂಲು, ಎಲ್ಲ ಕಡೆ ವಿಳಾಸ ಬದಲಿಸಿದೆ. ಕಳಿಸಿಬಿಟ್ಟ ಕಂಪನಿಗೆ ಮಾತ್ರ ಹೇಳಲಿಲ್ಲ, ಇನ್ನು ಅವರ ಹಂಗೇಕೆ ಅಂತ. ಕೋಬ್ರಾ ಪತ್ರ ಹಳೆಯ ಮನೆಗೆ ಹೋಯಿತು. ಪತ್ರ ನಿಮ್ಮ ಕೈ ಸೇರಲೇಬೇಕು ಅಂತೇನಿಲ್ಲ, ಅವರ ಹತ್ತಿರ ಇರುವ ಕೊನೆಯ ವಿಳಾಸಕ್ಕೆ ಅಂಚೆಗೆ ಹಾಕಿದರೆ ಅವರ ಜವಾಬ್ದಾರಿ ಮುಗಿಯಿತು. ಇನ್ಶೂರೆನ್ಸ್ ನಿಂತ ದಿನ, ಪತ್ರ ಕಳಿಸಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ 60 ದಿನ ಎಣಿಸುತ್ತಾರೆ. ನಾನು ಎಣಿಸಿದ್ದು ಕೆಲಸದಿಂದ ತೆಗೆದಾಗ ಕಂಪನಿ ಸಂಬಳದಂತೆ ಕೊಡುವ ಸೆವೆರೆನ್ಸ್ ಹಣ ನಿಂತ ಮಾರ್ಚ್ ಕೊನೆಯಿಂದ! ಸಂಬಳ ಬರುತ್ತಿರುವಾಗ ಇನ್ಶೂರೆನ್ಸೂ ಇರುತ್ತದೆ ಅಂದುಕೊಂಡಿದ್ದೆ. ಆದರೆ ಇನ್ಶೂರೆನ್ಸ್ ಕೆಲಸದ ಜೊತೆಗೇ ನಿಂತಿತ್ತು, ಫೆಬ್ರವರಿಯ ಪೇಸ್ಲಿಪ್ಪಿನಲ್ಲಿ ಅದರ ಕಡಿತದ ಸಾಲೇ ಇರಲಿಲ್ಲ. ಅದನ್ನು ನೋಡಿ, ಕೈಗೆ ಜಾಸ್ತಿ ಬಂತಲ್ಲ ಅಂತ ಖುಷಿಪಟ್ಟವನು ನಾನು.

ಮೇ ತಿಂಗಳಲ್ಲಿ ಹೆಂಡತಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅಷ್ಟರಲ್ಲಿ ಕೋಬ್ರಾ ಗಡುವೂ ಹೋಗಿತ್ತು, ಕೆಲಸ ಹೋದವರಿಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ (ಸ್ವಂತವಾಗಿ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ತಾಣ) ಪ್ಲಾನ್ ಆರಿಸಲು ಕೊಡುವ 60 ದಿನವೂ ಹೋಗಿತ್ತು. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ, 1986ರಿಂದ ಕಾನೂನಿದೆ. ಬಿಲ್ಲು ಮಾತ್ರ ಮನೆಗೆ ಬಂದೇ ಬರುತ್ತದೆ. ನಮ್ಮದು 30,000 ಡಾಲರ್ ದಾಟಿತ್ತು. ಪುಣ್ಯಕ್ಕೆ ಅದು ಲಾಭರಹಿತ ಆಸ್ಪತ್ರೆ. ತೆರಿಗೆ ವಿನಾಯಿತಿ ಬೇಕಾದರೆ ಇಂಥ ಆಸ್ಪತ್ರೆಗಳು ಕಷ್ಟದಲ್ಲಿರುವವರಿಗೆ ರಿಯಾಯಿತಿ ಕೊಡುವ ನಿಯಮ ಇಟ್ಟುಕೊಳ್ಳಲೇಬೇಕು. ಅರ್ಜಿ ಹಾಕಿ ಒಂದಷ್ಟು ಇಳಿಸಿಕೊಂಡೆ, ಉಳಿದದ್ದನ್ನು ಕಂತಿನಲ್ಲಿ ತೀರಿಸಿದೆ.

ಇನ್ನು, ಕೋಬ್ರಾದವರು ಸುಲಿಯುತ್ತಿದ್ದಾರೆ ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಆರೋಗ್ಯ ನೀತಿ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆ ಪ್ರಕಾರ 2025ರಲ್ಲಿ ಕಂಪನಿ ಕೊಡುವ ಫ್ಯಾಮಿಲಿ ಇನ್ಶೂರೆನ್ಸಿನ ಸರಾಸರಿ ಬೆಲೆ ವರ್ಷಕ್ಕೆ 26,993 ಡಾಲರ್. ನೌಕರ ಕಟ್ಟಿದ್ದು 6,850. ಮಿಕ್ಕಿದ್ದನ್ನು ಕಂಪನಿ ಕಟ್ಟುತ್ತಿತ್ತು. ಕೋಬ್ರಾದಲ್ಲಿ ಅದೂ ನಿಮ್ಮ ತಲೆಗೆ ಬರುತ್ತದೆ, ಮೇಲೆ 2 ಪರ್ಸೆಂಟ್ ಖರ್ಚು. ಬೆಲೆ ಮೊದಲೂ ಇಷ್ಟೇ ಇತ್ತು, ನಮಗೆ ಕಾಣುತ್ತಿರಲಿಲ್ಲ.

ಸುಮ್ನೆ ಕಾಯುವುದು ಬಿಟ್ಟು ಈ ವಾರವೇ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ಲಾನ್ ಆರಿಸಿ, ಎಚ್‌-1ಬಿ ಇದ್ದರೂ ಕೊಳ್ಳಬಹುದು. ಅದು ಸಾಮಾನ್ಯವಾಗಿ ಮುಂದಿನ ತಿಂಗಳ 1ರಿಂದ ಶುರುವಾಗುತ್ತದೆ. ಅಲ್ಲಿಯವರೆಗಿನ ದಿನಗಳಿಗೆ ಬೇಕಾದರೆ ನಿಮ್ಮ ಕಾದು ನೋಡುವ ಉಪಾಯ ಇಟ್ಟುಕೊಳ್ಳಿ. ಮಾರ್ಕೆಟ್‌ಪ್ಲೇಸ್ ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿ ನಂಬಿ ಕೂರಬೇಡಿ. 2021ರಲ್ಲಿ ಹೆಚ್ಚಿಸಿದ್ದ ಸಬ್ಸಿಡಿ 2025ರ ಕೊನೆಗೆ ಮುಗಿಯಿತು. 2026ಕ್ಕೆ ನಾಲ್ಕು ಜನರ ಮನೆಯ ಆದಾಯ 1,28,600 ಡಾಲರ್ ದಾಟಿದರೆ ಏನೂ ಇಲ್ಲ. ವರ್ಷದ ನಡುವೆ ಒಳ್ಳೆಯ ಕೆಲಸ ಸಿಕ್ಕಿ ಆದಾಯ ಅದರ ಮೇಲೆ ಹೋದರೆ, ಪಡೆದ ಸಬ್ಸಿಡಿಯನ್ನೆಲ್ಲ ತೆರಿಗೆ ಜೊತೆ ವಾಪಸ್ ಕಟ್ಟಬೇಕು.

ಇವತ್ತೇ ಎಚ್‌ಆರ್‌ಗೆ ಇಮೇಲ್ ಹಾಕಿ: ಇನ್ಶೂರೆನ್ಸ್ ಯಾವ ತಾರೀಕಿಗೆ ನಿಲ್ಲುತ್ತದೆ, ಪತ್ರ ಯಾವ ವಿಳಾಸಕ್ಕೆ ಹೋಗುತ್ತದೆ. ಫೋನ್ ಮಾಡಿ ಹೇಳುತ್ತೇವೆ ಅಂದರೆ, ಬೇಡ, ಬರೆದೇ ಕಳಿಸಿ ಅನ್ನಿ.