ಬೆಳಗಾದರೆ ಮೂಲೆಯಲ್ಲಿ ಸತ್ತ ಗೌಜಲ ಮರಿಗಳು

ಪ್ರಶ್ನೆ: ಸರ್, ಜಪಾನೀ ಗೌಜಲ ಮರಿ ತಂದು ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿ ಸಾಕುತ್ತಿದ್ದೇನೆ. ಹಗಲು ಚೆನ್ನಾಗಿ ಓಡಾಡುತ್ತವೆ, ಭೇದಿ ಇಲ್ಲ. ಬೆಳಗಾದರೆ ಮೂಲೆಯಲ್ಲಿ ನಾಲ್ಕೈದು ಸತ್ತಿರುತ್ತವೆ. ಯಾವ ರೋಗ?
– ಓದುಗರು, ಹುಮನಾಬಾದ್

ಉತ್ತರ: ರೋಗಕ್ಕಿಂತ ಮೊದಲು ಚಳಿಯನ್ನು ಅನುಮಾನಿಸಿ. ಹುಟ್ಟಿದ ಮರಿ ಸುಮಾರು 8 ಗ್ರಾಂ ಅಷ್ಟೇ, ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಆಗಲ್ಲ. ನಿಮ್ಮ ಕಡೆ ಚಳಿಗಾಲದ ರಾತ್ರಿ ಹೇಗಿರುತ್ತೆ ಗೊತ್ತಲ್ವಾ, ಅದರಲ್ಲೂ ನಡುರಾತ್ರಿ ಕರೆಂಟ್ ಹೋದರೆ ಎಲ್ಲವೂ ಒಂದರ ಮೇಲೊಂದು ಮೂಲೆಗೆ ನುಗ್ಗಿ, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ರಟ್ಟು ಬಗ್ಗಿಸಿಟ್ಟು ಮೂಲೆಗಳನ್ನು ದುಂಡಗೆ ಮಾಡಿ. ಮೊದಲ ವಾರ ಮರಿಗಳ ಎತ್ತರದಲ್ಲಿ 35ರಿಂದ 37 ಡಿಗ್ರಿ ಬಿಸಿ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ರಾತ್ರಿ ಒಮ್ಮೆ ಎದ್ದು ನೋಡಿ: ಬಲ್ಬಿನ ಕೆಳಗೆ ಗುಂಪಾಗಿ ಚೀರುತ್ತಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ.

ಸತ್ತ ಮರಿಯ ಪುಕ್ಕ ಒದ್ದೆ ಇದೆಯಾ? ಹಾಗಿದ್ದರೆ ನೀರಿನ ತಟ್ಟೆಯೇ ಕಾರಣ ಇರಬಹುದು, ಅದರಲ್ಲಿ ಗೋಲಿ ಇಲ್ಲಾ ಸಣ್ಣ ಕಲ್ಲು ಹಾಕಿ. ಕೋಳಿ ಮರಿ ಆಹಾರ ಕೊಡುತ್ತಿದ್ದರೆ ನುಣ್ಣಗೆ ಪುಡಿ ಮಾಡಿ. ಸುಮ್ನೆ ಆ್ಯಂಟಿಬಯೋಟಿಕ್ ಹಾಕಬೇಡಿ. ಇಷ್ಟಾದರೂ ಸಾವು ನಿಲ್ಲದಿದ್ದರೆ, ಅದೇ ದಿನ ಸತ್ತ ಮರಿಯನ್ನು ಐಸ್ ಜೊತೆ ಡಬ್ಬಿಯಲ್ಲಿಟ್ಟು ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಮರಣೋತ್ತರ ಪರೀಕ್ಷೆಗೆ ಕೇಳಿ.