ಪೂಲ್ ಟೇಬಲ್ ಬಟ್ಟೆ ಮೇಲೆ ಗುರುತು: ಪೆನ್ ಬೇಡ

ತುಮಕೂರಿನ ಪೂಲ್ ಪಾರ್ಲರ್‌ನಲ್ಲಿ ಒಂದೇ ಶಾಟ್ ಮತ್ತೆ ಮತ್ತೆ ಹೊಡೆಯಬೇಕು, ಬಾಲ್ ಇಡೋ ಜಾಗಕ್ಕೆ ಪೆನ್ನಲ್ಲಿ ಚುಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಇಂಕು ಉಣ್ಣೆಯ ಎಳೆಗೆ ಇಳಿದರೆ ಹೋಗಲ್ಲ, ಟೇಬಲ್ ಬೇರೆಯವರದ್ದು.

ಎಂ.ಜಿ. ರಸ್ತೆ ಕಡೆ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ ನೋಡಿ: ಫೈಲ್ ಹಾಳೆಯ ತೂತು ಹರಿಯದಿರಲಿ ಅಂತ ಸುತ್ತ ಅಂಟಿಸುವ ಬಳೆಯಾಕಾರದ ಸ್ಟಿಕ್ಕರ್. ಅದೇ ಸಾಕು. ಬಾಲ್ ತೂತಿನಲ್ಲಿ ಅಲುಗದೆ ಕೂರುತ್ತೆ. ಅಂಟಿಸುವ ಮುಂಚೆ ಅಂಗೈಗೆ ಎರಡು ಸಲ ಒತ್ತಿ ತೆಗೆಯಿರಿ, ಅಂಟು ಸ್ವಲ್ಪ ಸತ್ತಿರಬೇಕು. ಆಟ ಮುಗಿದ ತಕ್ಷಣ ಕಿತ್ತುಬಿಡಿ. ರಾತ್ರಿಯಿಡೀ ಬಿಟ್ಟರೆ ಅಂಟು ಉಳಿದು, ಅದಕ್ಕೆ ಕೋಲಿನ ತುದಿಗೆ ಹಚ್ಚುವ ಚಾಕ್‌ನ ಪುಡಿ ಮೆತ್ತಿ ಕಪ್ಪಾಗುತ್ತೆ. ಇನ್ನೊಂದು ತೊಂದರೆ, ನಿಧಾನವಾಗಿ ಉರುಳುವ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಬಾಲ್) ಸ್ಟಿಕ್ಕರ್ ಅಂಚಿಗೆ ತಾಗಿ ದಿಕ್ಕು ತಪ್ಪಬಹುದು. ಅದರ ದಾರಿಯಲ್ಲಿ ಸ್ಟಿಕ್ಕರ್ ಇಡಬೇಡಿ.

ಟೈಲರ್ ಚಾಕ್ ಆದರೆ ಮಣ್ಣಿನದೇ ಇರಲಿ, ಮೇಣದ್ದು ಕಲೆ ಬಿಡುತ್ತೆ. ಸಣ್ಣ ಚುಕ್ಕೆ ಇಟ್ಟು ಕೊನೆಗೆ ಬ್ರಷ್‌ನಿಂದ ಹಗುರವಾಗಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ.

ನನ್ನ ಕೇಳಿದರೆ ರೈಲ್ ಮೇಲಿನ, ಅಂದರೆ ಟೇಬಲ್ ಸುತ್ತಲಿನ ಅಂಚುಪಟ್ಟಿಯ ಮೇಲೆ ಸಮ ಅಂತರದಲ್ಲಿರುವ, ಡೈಮಂಡ್ ಗುರುತುಗಳೇ ಉತ್ತಮ. 9 ಅಡಿ ಟೇಬಲ್‌ನಲ್ಲಿ ಅವುಗಳ ಅಂತರ 12.5 ಇಂಚು. ಉದ್ದದ ರೈಲಿನ ಎರಡನೇ ಡೈಮಂಡ್, ಅಡ್ಡ ರೈಲಿನ ಮೊದಲನೇದು, ಎರಡರ ನೇರ ಸೇರುವಲ್ಲಿ ಬಾಲ್ ಇಡಿ. ಬಟ್ಟೆ ಮುಟ್ಟುವ ಕೆಲಸವೇ ಇಲ್ಲ.