ಸಿಂಗಾಪುರದಲ್ಲಿ ಕೋಟಾ ಇರುವುದು ಎಲ್ಲಿ, ಇಲ್ಲದಿರುವುದು ಎಲ್ಲಿ

ಸಿಂಗಾಪುರದಲ್ಲಿ ಎಲ್ಲ ಜನಾಂಗದವರೂ ಬೆರೆತು ಬಾಳಬೇಕು ಅಂತ ಸರ್ಕಾರವೇ ನಿಯಮ ಮಾಡಿದೆಯಂತೆ, ಹಾಗಿದ್ದ ಮೇಲೆ ಬಾಡಿಗೆಮನೆ ಕೇಳಿದ ಕೂಡಲೇ ಏಜೆಂಟ್ ‘ಇಂಡಿಯನ್ನಾ? ಓನರ್ ಒಪ್ಪಲ್ಲ’ ಅಂತ ಫೋನ್ ಇಡುವುದು ಯಾಕೆ ಅಂತ ಕೇಳಿದ್ದೀರಿ. ನಿಯಮ ಇರುವುದೂ ನಿಜ, ಏಜೆಂಟ್ ಹೇಳಿದ್ದೂ ನಿಜ.

ಇಲ್ಲಿನವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಇರುವುದು ಎಚ್‌ಡಿಬಿ ಅನ್ನುವ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಫ್ಲಾಟ್‌ಗಳಲ್ಲಿ. 1989ರ ಮಾರ್ಚ್‌ನಿಂದ ಪ್ರತಿ ಬ್ಲಾಕಿಗೂ ಪ್ರತಿ ಬಡಾವಣೆಗೂ ಜನಾಂಗದ ಮಿತಿ ಇದೆ. ಒಂದು ಬ್ಲಾಕಿನಲ್ಲಿ ಚೀನಿಯರು ಶೇ 87, ಮಲಯರು ಶೇ 25, ಭಾರತೀಯರು ಮತ್ತು ಇತರರು ಒಟ್ಟಿಗೆ ಶೇ 15, ಅದಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. ನಮ್ಮ ಪಾಲು ಮೊದಲು 13 ಇತ್ತು, 2010ರಲ್ಲಿ ಏರಿಸಿದರು.

ಇದು ಸುಮ್ನೆ ಬಂದದ್ದಲ್ಲ. 1964ರ ಜುಲೈ 21ರಂದು ಪ್ರವಾದಿ ಹುಟ್ಟುಹಬ್ಬದ ಮೆರವಣಿಗೆಯಲ್ಲಿ ಶುರುವಾದ ಚೀನಿ–ಮಲಯ ಗಲಭೆಯಲ್ಲಿ 23 ಮಂದಿ ಸತ್ತರು. ಆಮೇಲೆ ಹಳ್ಳಿ, ಕೇರಿ ಎಲ್ಲ ಖಾಲಿ ಮಾಡಿಸಿ ಜನರನ್ನು ಫ್ಲಾಟ್‌ಗಳಿಗೆ ತಂದರು. ಆದರೆ ಎಂಬತ್ತರ ದಶಕದ ಹೊತ್ತಿಗೆ ಜನ ಫ್ಲಾಟ್ ಮಾರಿ ಕೊಂಡು ಮತ್ತೆ ತಮ್ಮವರ ಹತ್ತಿರಕ್ಕೇ ಹೋಗತೊಡಗಿದ್ದರು, ಬೆಡಾಕ್, ಟ್ಯಾಂಪಿನಿಸ್ ಕಡೆ ಮಲಯರು, ಹೌಗಾಂಗ್ ಕಡೆ ಚೀನಿಯರು. ಅದನ್ನು ತಡೆಯಲು ಈ ಕೋಟಾ. ಆಗ ಇದನ್ನು ಪ್ರಕಟಿಸಿದ ಮಂತ್ರಿ ಧನಬಾಲನ್, ಭಾರತೀಯ ಮೂಲದವರೇ.

ನಾನು ಇದರ ಪರ. ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್ ಅಂತಾರೆ ಅದನ್ನು, ಒಂದು ಶನಿವಾರ ಮಲಯರ ಮದುವೆ ಊಟ ನಡೆದರೆ ಇನ್ನೊಂದು ವಾರ ಅಲ್ಲೇ ಚೀನಿಯರು ಶವ ಇಟ್ಟು ರಾತ್ರಿಯಿಡೀ ಕೂತಿರುತ್ತಾರೆ. ಮುಖ ಪರಿಚಯವಾದರೂ ಆಗುತ್ತದೆ, ಅಷ್ಟು ಸಾಕು ಅಲ್ವಾ? ಆದರೆ ಇದರ ಬೆಲೆ ಕೊಡುವವರು ಜಾಸ್ತಿ ಅಲ್ಪಸಂಖ್ಯಾತರೇ. ಬ್ಲಾಕಿನಲ್ಲಿ ಚೀನಿಯರ ಮಿತಿ ಮುಟ್ಟಿದ್ದರೆ ಭಾರತೀಯರ ಫ್ಲಾಟನ್ನು ಚೀನಿಯರು ಕೊಳ್ಳುವಂತಿಲ್ಲ, ಉಳಿದವರಲ್ಲಿ ಕೊಳ್ಳುವವರೇ ಕಡಿಮೆ, ಬೆಲೆ ಇಳಿಸಿ ಕಾಯಬೇಕು. ಈ ದೂರು ವರ್ಷಗಟ್ಟಲೆ ಇತ್ತು. 2022ರಿಂದ ಕೆಲವು ಷರತ್ತಿನ ಮೇಲೆ ಎಚ್‌ಡಿಬಿಯೇ ಅಂಥ ಫ್ಲಾಟ್ ವಾಪಸ್ ಕೊಳ್ಳುತ್ತದೆ.

ಈಗ ನಿಮ್ಮ ಬಾಡಿಗೆ ವಿಷಯ. ಜನಾಂಗದ ಕೋಟಾ ಕೊಳ್ಳುವವರಿಗೆ, ಮಾರುವವರಿಗೆ ಮಾತ್ರ. ಬಾಡಿಗೆಗೆ ಇರುವುದು ಬೇರೆ ಲೆಕ್ಕ: ಇಡೀ ಫ್ಲಾಟ್ ಬಾಡಿಗೆಗೆ ಕೊಡುವಾಗ ಒಂದು ಬ್ಲಾಕಿನಲ್ಲಿ ವಿದೇಶಿಯರು ಶೇ 11 ಮೀರಬಾರದು, ಮಲೇಷ್ಯಾದವರನ್ನು ಬಿಟ್ಟು. ಓನರ್‌ಗೆ ಇಂಡಿಯನ್ ಬೇಡ ಅನ್ನಿಸಿದರೆ ಅದನ್ನು ತಡೆಯುವ ಕಾನೂನು ಇಲ್ಲ. ಏಜೆಂಟರು ಜಾಹೀರಾತಿನಲ್ಲಿ ಹಾಗೆ ಬರೆಯಬಾರದು ಅಂತ ಅವರ ಮಂಡಳಿಯ ಸೂಚನೆ ಇದೆ, ಅದಕ್ಕೇ ಬರೆಯದೆ ಫೋನಿನಲ್ಲಿ ಹೇಳುತ್ತಾರೆ! ‘ಲೈಟ್ ಕುಕಿಂಗ್ ಓನ್ಲಿ’ ಅಂದರೆ ನಿಮ್ಮ ಒಗ್ಗರಣೆ ಬೇಡ ಅಂತ. ನನ್ನ ಸಲಹೆ: ಮೊದಲ ಮೆಸೇಜಿನಲ್ಲೇ ಭಾರತದವರು, ಇಷ್ಟು ಜನ, ದಿನಾ ಅಡುಗೆ ಮಾಡುತ್ತೇವೆ ಅಂತ ಬರೆದುಬಿಡಿ. ಬೇಡ ಅನ್ನುವವರು ಅಲ್ಲೇ ಬಿಟ್ಟು ಹೋಗಲಿ, ಮನೆ ನೋಡಲು ಹೋಗುವ ಬಸ್ ಚಾರ್ಜಾದರೂ ಉಳಿಯುತ್ತದೆ.

ಕೆಲಸದ ಜಾಗದಲ್ಲೂ ನಿಮ್ಮ ದೇಶ ಯಾವುದು ಅನ್ನುವುದು ಲೆಕ್ಕಕ್ಕೆ ಬರುತ್ತದೆ. 2023ರ ಸೆಪ್ಟೆಂಬರ್‌ನಿಂದ ಹೊಸ ಎಂಪ್ಲಾಯ್‌ಮೆಂಟ್ ಪಾಸ್‌ಗೆ, ಅಂದರೆ ವಿದೇಶಿ ವೃತ್ತಿಪರರ ಕೆಲಸದ ಪರವಾನಗಿಗೆ, ಕಾಂಪಸ್ ಅನ್ನುವ ಅಂಕಪದ್ಧತಿ ಇದೆ, 40 ಅಂಕ ಬೇಕು. ಕಂಪನಿಯ ವೃತ್ತಿಪರ, ಮ್ಯಾನೇಜರ್ ದರ್ಜೆಯ ನೌಕರರಲ್ಲಿ ಕಾಲು ಭಾಗ ಆಗಲೇ ನಿಮ್ಮ ದೇಶದವರಿದ್ದರೆ, ದೇಶ ನೋಡಿ ಅಂಕ ಕೊಡುವ ವಿಭಾಗದಲ್ಲಿ ನಿಮಗೆ ಸೊನ್ನೆ. ನಮ್ಮವರೇ ತುಂಬಿರುವ ಐಟಿ ಕಂಪನಿಗೆ ಕೆಲಸ ಬದಲಿಸುವ ಮುಂಚೆ ಇದನ್ನು ಕೇಳಿಕೊಳ್ಳಿ. ಕೆಲಸದಲ್ಲಿ ಜನಾಂಗ, ಧರ್ಮ, ದೇಶ ನೋಡಿ ತಾರತಮ್ಯ ಮಾಡಬಾರದು ಅನ್ನುವ ಕಾನೂನು ಪಾಸಾಗಿದ್ದು 2025ರ ಜನವರಿಯಲ್ಲಿ, ಅಲ್ಲಿಯವರೆಗೆ ಬರೀ ಮಾರ್ಗಸೂಚಿ ಇತ್ತು. ಅದರಲ್ಲೂ 25ಕ್ಕಿಂತ ಕಡಿಮೆ ನೌಕರರಿರುವ ಕಂಪನಿಗಳಿಗೆ ಸದ್ಯಕ್ಕೆ ವಿನಾಯಿತಿ. ಸಂವಿಧಾನದ 12ನೇ ವಿಧಿ ನೆಚ್ಚಿಕೊಳ್ಳಬೇಡಿ, ಜನಾಂಗದ ಹೆಸರಲ್ಲಿ ತಾರತಮ್ಯ ಬೇಡ ಅನ್ನುವ ಅದರ ಮಾತು ಇಲ್ಲಿನ ಪ್ರಜೆಗಳಿಗೆ.

ನಿಮ್ಮ ಮಗಳ ಶಾಲೆ ಬಗ್ಗೆಯೂ ಕೇಳಿದ್ದೀರಿ: ಇಲ್ಲಿ ಮಾತೃಭಾಷೆ ಅಂತ ಒಂದು ವಿಷಯ ಇರುತ್ತದೆ. ಭಾರತೀಯರಿಗೆ ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಹಿಂದಿ ಹಿಡಿಯುತ್ತಾರೆ, ನಾವೂ ಅದನ್ನೇ ಮಾಡಿದೆವು. ಒಂದನೇ ಕ್ಲಾಸಿಗೆ ಹೆಸರು ಬರೆಸುವಾಗಲೇ ಯಾವುದು ಅಂತ ಹೇಳಬೇಕು, ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.